ಬೀಗದ ಮುಂದೆ ಉಕ್ಕಿದ ಹಾಲು

ಬೆಂಗಳೂರು
ಭಾನುವಾರ, ಫೆಬ್ರವರಿ ೧, ೨೦೨೬

ಪ್ರೀತಿಯ ಅಮ್ಮನಿಗೆ,

ಮೊದಲು ಊಟ ಮಾಡು, ಆಮೇಲೆ ಇದನ್ನು ಓದು. ಎರಡು ದಿನದಿಂದ ನಾನು ಫೋನ್ ಎತ್ತಿಲ್ಲವೆಂದು ನೀನು ಸರಿಯಾಗಿ ಉಂಡಿರುವುದಿಲ್ಲ, ಗೊತ್ತು. ಚೆನ್ನಾಗಿದ್ದೇನೆ ಎಂದು ಮೆಸೇಜ್ ಹಾಕಿದ್ದೆನಲ್ಲ, ಅದು ನಿಜ. ಅದಕ್ಕಿಂತ ಹೆಚ್ಚಿಗೆ ಫೋನಿನಲ್ಲಿ ಹೇಳಲು ನನ್ನಿಂದಾಗುವುದಿಲ್ಲ. ನೀನು ಒಂದು ಸಲ ಮೂಗು ಎಳೆದರೆ ಸಾಕು, ಹೇಳಬೇಕೆಂದು ಇಟ್ಟುಕೊಂಡಿದ್ದನ್ನೆಲ್ಲ ಮರೆತು 'ಆಯ್ತಮ್ಮ' ಅಂದುಬಿಡುತ್ತೇನೆ. ಅದೂ ಅಲ್ಲದೆ ನೀನು ಸ್ಪೀಕರ್ ಹಾಕಿರುತ್ತೀಯ, ಪಕ್ಕದಲ್ಲಿ ವಸಂತಣ್ಣ ಕೂತಿರುತ್ತಾನೆ. ಕಾಗದವಾದರೆ ಯಾರೂ ನಡುವೆ ಬಾಯಿ ಹಾಕುವುದಿಲ್ಲ. ಇದನ್ನು ನೀನೊಬ್ಬಳೇ ಓದು.

ಶುಕ್ರವಾರ ಬೆಳಗ್ಗೆಯಿಂದ ಹೇಳುತ್ತೇನೆ.

ಪಿ.ಜಿ.ಯಲ್ಲಿ ನನ್ನ ಮಂಚಕ್ಕೆ ಬರುವ ಹುಡುಗಿ ಏಳು ಗಂಟೆಗೇ ಸೂಟ್‌ಕೇಸ್ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನಾನು ಹಾಸಿಗೆ ಸುತ್ತುವುದನ್ನು ನೋಡಿ ಪಾಪ, ನಿಧಾನಕ್ಕೆ ಮಾಡಿ ಎಂದಳು, ಆದರೆ ಚಪ್ಪಲಿ ಬಿಟ್ಟು ಒಳಗೆ ಬಂದಾಗಿತ್ತು. ಹಾಗಾಗಿ ಅಲ್ಲಿಗೆ ವಾಪಸ್ಸು ಹೋಗುವ ದಾರಿ ಬೆಳಗ್ಗೆಯೇ ಮುಚ್ಚಿತ್ತು. ಮೂರು ಡಬ್ಬ ಪುಸ್ತಕ, ಹಾಸಿಗೆ, ಬಕೆಟ್ಟು, ಪುಟ್ಟ ಸಿಲಿಂಡರಿನ ಒಂದು ಒಲೆ. ಲಗೇಜ್ ಆಟೋದಲ್ಲಿ ಹಾಕಿಕೊಂಡು ಎನ್.ಆರ್. ಕಾಲೋನಿಗೆ ಬಂದಾಗ ಒಂಬತ್ತು ಗಂಟೆ. ದಾರಿಯಲ್ಲಿ ಆಟೋ ನಿಲ್ಲಿಸಿ ಅರ್ಧ ಲೀಟರ್ ಹಾಲು ತೆಗೆದುಕೊಂಡೆ. ಹೊಸ ಮನೆಯಲ್ಲಿ ಮೊದಲು ಹಾಲು ಉಕ್ಕಬೇಕು, ಆಮೇಲೇ ಬೇರೆ ಪಾತ್ರೆ ಒಲೆ ಮೇಲೆ ಕೂರಬೇಕು ಎಂದು ನೀನೇ ಕಲಿಸಿದ್ದು.

ಮನೆ ನಿನಗೆ ಗೊತ್ತಿಲ್ಲ, ನೋಡಲು ಬಾ ಎಂದರೂ ನೀನು ಬರಲಿಲ್ಲ. ಕೆಳಗೆ ಓನರ್ ಅರ್ಜುನಪ್ಪನವರು, ಅವರ ಹೆಂಡತಿ ಧನಲಕ್ಷ್ಮಮ್ಮ. ನಡುವಿನ ಮಹಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಬಾಡಿಗೆಗಿರುವ ಪಾರ್ವತಮ್ಮ, ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಮೇಲೆ ಒಂದು ರೂಮು, ಒಂದು ಅಡಿಗೆಮನೆ, ಅದು ನನ್ನದು. ಅರ್ಜುನಪ್ಪನವರು ಮೊದಲು ತರಕಾರಿ ಮಂಡಿ ಇಟ್ಟುಕೊಂಡಿದ್ದವರು, ಈಗಲೂ ಮಾತನ್ನು ತೂಕ ಹಾಕಿಯೇ ಕೊಡುತ್ತಾರೆ. ಮನೆ ನೋಡಲು ಹೋದ ದಿನ ತಾವಾಗಿಯೇ ಅದರ ಊನ ತೋರಿಸಿದ್ದರು: ಬಾಗಿಲ ಮುಂದಿನ ಕೆಂಪು ನೆಲ ಹಳೆಯದು, ಒಳಕ್ಕೆ ವಾಲಿದೆ, ಮಳೆ ಬಂದರೆ ಬಾಗಿಲ ಕೆಳಗೆ ಹಳೇ ಬಟ್ಟೆ ಇಡಬೇಕು. ಊನ ಮುಚ್ಚಿಡದವರು ಒಳ್ಳೆಯವರು ಎಂದುಕೊಂಡು ಅವತ್ತೇ ಒಪ್ಪಿದೆ. ಹಾಲುಕ್ಕಿಸಲು ಮನೆಯಿಂದ ಯಾರು ಬರುತ್ತಾರೆ ಎಂದು ಧನಲಕ್ಷ್ಮಮ್ಮ ಕೇಳಿದ್ದರು. ಯಾರೂ ಇಲ್ಲ, ನಾನೇ ಎಂದೆ. ಯಾರು ಉಕ್ಕಿಸಿದರೂ ಅದು ಹಾಲೇ ತಾನೆ ಎಂದಿದ್ದರು.

ಓನರ್ ಮನೆಯ ಫೋನ್ ನಂಬರನ್ನು ಗುರುವಾರ ಸಂಜೆ ನಿನಗೆ ಕಳಿಸಿದೆ, ನೆನಪಿದೆಯಲ್ಲ? ಏನಾದರೂ ಅರ್ಜೆಂಟಾದರೆ ಇರಲಿ ಎಂದು.

ಶುಕ್ರವಾರ ಬೆಳಗ್ಗೆ ಸಾಮಾನನ್ನೆಲ್ಲ ಮೇಲೆ ಬಾಗಿಲ ಮುಂದೆ ಇಳಿಸಿ ಕೀ ಕೇಳಲು ಕೆಳಗೆ ಬಂದರೆ, ಅರ್ಜುನಪ್ಪನವರು ಸ್ನಾನಕ್ಕೆ ಹೋಗಿದ್ದಾರೆ ಎಂದಾಯಿತು. ಸ್ನಾನವಾದ ಮೇಲೆ ಪೂಜೆ. ಪೂಜೆ ಮುಗಿಯುವಾಗ ಹತ್ತೂವರೆ, ರಾಹುಕಾಲ ಶುರುವಾಗಿತ್ತು. ಹನ್ನೆರಡರವರೆಗೆ ಕೂತಿರಮ್ಮ ಎಂದರು. ಕೂತಿದ್ದೆ. ಹಾಲಿನ ಪ್ಯಾಕೆಟ್ಟು ಬಿಸಿಯಾಗದಿರಲಿ ಎಂದು ಬಕೆಟ್ಟಿಗೆ ನೀರು ತುಂಬಿ ಅದರಲ್ಲಿ ಮುಳುಗಿಸಿಟ್ಟೆ. ಹನ್ನೆರಡಕ್ಕೆ ಮತ್ತೆ ಇಳಿದು ಹೋದರೆ, ಕೀ ಮಗ ನಂದಕುಮಾರನ ಹತ್ತಿರ ಉಳಿದುಬಿಟ್ಟಿದೆ, ಅವನ ಆಫೀಸು ಗಾಂಧಿನಗರದಲ್ಲಿ, ಅವನು ಬರುವುದು ರಾತ್ರಿಗೇ ಎಂದರು. ಹೇಳುವಾಗ ನನ್ನ ಮುಖ ನೋಡಲಿಲ್ಲ, ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು. ನಾನು ಜನರ ಮುಖ ನೋಡಿ ಮಾತಾಡುವವಳಲ್ಲ, ಅದಕ್ಕೇ ಇರಬೇಕು, ಬೇರೆಯವರು ಮುಖ ತಪ್ಪಿಸಿದರೆ ನನಗೆ ಬೇಗ ಗೊತ್ತಾಗುತ್ತದೆ.

ಆದರೂ ಹೋದೆ. ನ್ಯಾಷನಲ್ ಕಾಲೇಜಿನ ಹತ್ತಿರ ಮೆಟ್ರೋ ಹತ್ತಿ ಮೆಜೆಸ್ಟಿಕ್‌ನಲ್ಲಿ ಇಳಿದು ಗಾಂಧಿನಗರಕ್ಕೆ ನಡೆದೆ. ಒಂದು ಲಾಡ್ಜಿನ ಮೇಲೆ ಎರಡನೇ ಮಹಡಿಯಲ್ಲಿ ನಂದಕುಮಾರ್ ಅವರ ಆಫೀಸು. ಸಿನಿಮಾಗಳನ್ನು ಊರೂರಿನ ಟಾಕೀಸುಗಳಿಗೆ ಕಳಿಸುವ ಕೆಲಸ. ಸುತ್ತಿಟ್ಟ ಪೋಸ್ಟರುಗಳ ನಡುವೆ ಕುರ್ಚಿ ಹುಡುಕಿ ಕೂರಿಸಿದರು. ನಾನು ಬಂದ ಕಾರಣ ಹೇಳಿದ್ದೇ ನಕ್ಕುಬಿಟ್ಟರು.

"ಅಪ್ಪ ಹಂಗಂದ್ರಾ? ಆ ಕೀ ದೇವರ ಮನೆ ಮೊಳೆ ಬಿಟ್ಟು ಎಲ್ಲೂ ಹೋಗಲ್ಲ ರೀ. ನಾನು ಮುಟ್ಟಿದ್ರೆ ನನ್ನೇ ಬೈತಾರೆ."

ಆಮೇಲೆ ತಂದೆಗೆ ಫೋನ್ ಮಾಡಿ ಕಿಟಕಿಯ ಹತ್ತಿರ ಹೋದರು. ಹ್ಞೂಂ, ಹ್ಞೂಂ ಎನ್ನುತ್ತಾ ತುಂಬಾ ಹೊತ್ತು ಕೇಳಿಸಿಕೊಂಡರು. ತಿರುಗಿ ಬಂದಾಗ ಅವರೂ ಕ್ಯಾಲೆಂಡರ್ ನೋಡುವವರಾಗಿದ್ದರು. ನನಗೆ ಕಾಫಿ ತರಿಸಿದರು. ಕೀ ವಿಷಯ ಅಪ್ಪನ ಹತ್ತಿರವೇ ಮಾತಾಡಿ, ಅದಕ್ಕೆ ಮೊದಲು ಒಂದು ಸಲ ನಿಮ್ಮ ಮನೆಗೆ ಫೋನ್ ಮಾಡಿದರೆ ಒಳ್ಳೆಯದು ಎಂದರು. ಯಾಕೆ ಎಂದು ಕೇಳುವ ಧೈರ್ಯ ಆಗ ನನಗೆ ಬರಲಿಲ್ಲ. ಎರಡು ಗುಟುಕಿಗೆ ಕಾಫಿ ಮುಗಿಸಿ ಎದ್ದೆ.

ಅಮ್ಮ, ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಕೆಳಗಿಳಿದಾಗ ಬಸ್ ಸ್ಟ್ಯಾಂಡ್ ಎದುರಿಗೇ ಇತ್ತು. ದೊಡ್ಡಬಳ್ಳಾಪುರದ ಬಸ್ಸಿನ ಕಂಡಕ್ಟರು ಊರಿನ ಹೆಸರು ಕೂಗುತ್ತಿದ್ದ. ಹತ್ತಿ ಕೂತಿದ್ದರೆ ನೀನು ದೀಪ ಹಚ್ಚುವ ಹೊತ್ತಿಗೆ ನಿನ್ನ ಮುಂದೆ ಇರುತ್ತಿದ್ದೆ. ನೀನು ಏನೂ ಕೇಳದೆ ತಟ್ಟೆ ಹಾಕುತ್ತಿದ್ದೆ. ಎರಡು ನಿಮಿಷ ಅಲ್ಲೇ ನಿಂತೆ.

ಆದರೆ ಬಂದಿದ್ದರೆ ಎಲ್ಲಿ ಮಲಗಬೇಕಿತ್ತು, ಹೇಳು. ನಾನು ಎಂ.ಎ. ಓದಲು ಹೋದ ವರ್ಷ ನನ್ನ ರೂಮು ವಸಂತಣ್ಣನ ಸೈಟ್ ವ್ಯವಹಾರದ ಆಫೀಸಾಯಿತು. ಅಲ್ಲಿ ಈಗ ಲೇಔಟ್ ನಕ್ಷೆಗಳಿವೆ. ನನ್ನ ಹಾಸಿಗೆ ಹಾಲ್‌ನಲ್ಲಿ, ಟಿವಿ ಆಫ್ ಆದ ಮೇಲೆ. ಮನೆಗೆ ಬಂದರೆ ಕೆಲಸ ಬಿಟ್ಟೇ ಬರಬೇಕು ಎಂದು ಅಪ್ಪ ಹೇಳಿಯಾಗಿದೆ. ಚಾಮರಾಜಪೇಟೆಯ ಒಂದು ಸಣ್ಣ ಪ್ರಕಾಶನದಲ್ಲಿ ಕೂತು ಬೇರೆಯವರ ಪುಸ್ತಕದ ಕರಡು ತಿದ್ದುವುದು ಅವರ ಕಣ್ಣಿಗೆ ಕೆಲಸವಲ್ಲ. ನನಗೆ ಅದು ಕೆಲಸ. ದಿನಕ್ಕೆ ಎಂಟು ಗಂಟೆ ಯಾರೂ ನನ್ನ ಮುಖ ನೋಡದೆ, ನಾನು ಮಾಡಿದ್ದನ್ನು ಮಾತ್ರ ನೋಡುವ ಕೆಲಸ.

ಆ ರೂಮು ನನ್ನದಾಗಿದ್ದಾಗಲೂ ಅದಕ್ಕೆ ಚಿಲಕ ಇರಲಿಲ್ಲ. ಎಸ್ಸೆಸ್ಸೆಲ್ಸಿ ವರ್ಷ ಬಾಗಿಲು ಹಾಕಿಕೊಂಡು ಕಥೆಪುಸ್ತಕ ಓದುತ್ತೇನೆಂದು ಅಪ್ಪ ಬಡಗಿಯನ್ನು ಕರೆಸಿ ಒಳಗಿನ ಚಿಲಕ ಬಿಚ್ಚಿಸಿದರು. ನಾಲ್ಕು ಸ್ಕ್ರೂ ತೂತು ಉಳಿದವು. ಆಮೇಲೆ ಯಾರು ಬೇಕಾದರೂ ಯಾವಾಗ ಬೇಕಾದರೂ ಬಾಗಿಲು ತಳ್ಳಿಕೊಂಡು ಬರುತ್ತಿದ್ದರು. ಬಟ್ಟೆ ಬದಲಿಸುವಾಗ ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದೆ. ನೀನು ಒಬ್ಬಳೇ ಹೊರಗಿನಿಂದ ಬಟ್ಟಲು ಶಬ್ದ ಮಾಡಿ ಬರುತ್ತಿದ್ದೆ. ಅದನ್ನು ನಾನು ಮರೆತಿಲ್ಲ. ನನಗೆ ಬೇಕಾಗಿರುವುದು ಮನೆಯಲ್ಲ ಅಮ್ಮ, ಬಾಗಿಲು. ಹಾಕಿದರೆ ಹಾಕಿಕೊಳ್ಳುವ, ನಾನೇ ತೆಗೆಯುವ ಒಂದು ಬಾಗಿಲು. ಇಪ್ಪತ್ತನಾಲ್ಕು ವರ್ಷಕ್ಕೆ ಅದು ಹೆಚ್ಚೇನೂ ಅಲ್ಲ.

ಬಸ್ಸು ಹೊರಟುಹೋಯಿತು. ನಾನು ಮೆಟ್ರೋ ಹತ್ತಿದೆ.

ವಾಪಸ್ಸು ಬಂದಾಗ ನಾಲ್ಕು ಗಂಟೆ. ಅರ್ಜುನಪ್ಪನವರು ಗೇಟಿನ ಒಳಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಕೀ ದೇವರ ಮನೆಯಲ್ಲಿದೆಯಂತೆ ಎಂದೆ. ಅವರು ಇಲ್ಲವೆನ್ನಲಿಲ್ಲ. ಅಡ್ವಾನ್ಸ್ ಪೂರ್ತಿ ವಾಪಸ್ಸು ಕೊಡುತ್ತೇನೆ, ಇವತ್ತೊಂದು ದಿನ ನಿಮ್ಮ ಮನೆಗೆ ಹೋಗಿಬಿಡಮ್ಮ, ಬೇಕಾದರೆ ನಾಳೆ ನೋಡೋಣ ಎಂದರು. ಇವತ್ತೇ ಬೇಕು ಎಂದೆ.

"ಇವತ್ತು ಶುಕ್ರವಾರ ಕಣಮ್ಮ. ದೀಪ ಹಚ್ಚಿದ ಮೇಲೆ ಕೀ ಆಚೆ ಕೊಡೋ ಪದ್ಧತಿ ನಮ್ಮಲ್ಲಿಲ್ಲ."

ಈ ಪದ್ಧತಿ ನಮ್ಮಲ್ಲೂ ಇದೆ. ಶುಕ್ರವಾರ ದೀಪ ಹಚ್ಚಿದ ಮೇಲೆ ನೀನು ಪಕ್ಕದ ಮನೆಯವರಿಗೆ ಹಿಡಿ ಉಪ್ಪೂ ಕೊಡುವುದಿಲ್ಲ. ಆದರೆ ಆಗ ಇನ್ನೂ ಬಿಸಿಲಿತ್ತು, ದೀಪಕ್ಕೆ ಎರಡು ಗಂಟೆ ಬಾಕಿಯಿತ್ತು. ಅಲ್ಲಿಗೆ ನನಗೆ ಅರ್ಥವಾಯಿತು. ಈ ಮನುಷ್ಯನಿಗೆ ನನ್ನನ್ನು ಬೇಡ ಅನ್ನುವುದಕ್ಕೆ ಬಾಯಿ ಬರುತ್ತಿಲ್ಲ. ಸ್ನಾನ, ಪೂಜೆ, ರಾಹುಕಾಲ, ಗಾಂಧಿನಗರ, ಎಲ್ಲವೂ ಹೊತ್ತು ಕಳೆಯುವುದಕ್ಕೆ. ಆರು ಗಂಟೆಗೆ ದೀಪ ಹಚ್ಚಿದರೆ ಅವರು ಇಲ್ಲ ಎನ್ನಬೇಕಾಗಿಯೇ ಇಲ್ಲ, ದೀಪವೇ ಇಲ್ಲ ಎನ್ನುತ್ತದೆ.

"ದೀಪ ಹಚ್ಚೋವರೆಗೂ ನಾನು ಮೇಲೆ ಇರ್ತೀನಿ" ಎಂದೆ. ನನ್ನ ದನಿ ನನಗೇ ಕೇಳಿಸಿತು. ಕ್ಲಾಸಿನಲ್ಲಿ ಹಾಜರಿ ಹೇಳುವುದಕ್ಕೂ ಎರಡು ಸಲ ಗಂಟಲು ಸರಿ ಮಾಡಿಕೊಳ್ಳುತ್ತಿದ್ದವಳು ನಾನು.

ಮೇಲೆ ಹೋಗಿ ಬೀಗ ನೋಡುತ್ತಾ ಕೂತೆ. ಹಿತ್ತಾಳೆ ಬೀಗ, ಚೆನ್ನಾಗಿ ಉಜ್ಜಿಟ್ಟಿದ್ದರು. ಎದುರು ಮನೆಯ ಬಾಲ್ಕನಿಯಲ್ಲಿ ಇಬ್ಬರು ಹೆಂಗಸರು ಬಟ್ಟೆ ಒಣಗಿಸುವ ನೆಪದಲ್ಲಿ ನನ್ನನ್ನೇ ನೋಡುತ್ತಿದ್ದರು. ಒಣಗಿದ ಬಟ್ಟೆಯನ್ನೇ ಮತ್ತೆ ಹರವುತ್ತಿದ್ದರು. ಐದು ಗಂಟೆ ದಾಟಿತು. ಬಕೆಟ್ಟಿನಲ್ಲಿ ಕೈ ಹಾಕಿದರೆ ನೀರು ಬೆಚ್ಚಗಾಗಿತ್ತು. ಹಾಲಿಗೆ ಎಂಟು ಗಂಟೆ ವಯಸ್ಸಾಗಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಅದು ಒಡೆಯುತ್ತದೆ, ಆಮೇಲೆ ಕೀ ಸಿಕ್ಕಿದರೂ ಉಕ್ಕಿಸಲು ಏನೂ ಇರುವುದಿಲ್ಲ ಎಂದು ಯೋಚಿಸುತ್ತಿದ್ದೆ. ಯಾವಾಗ ಎದ್ದೆನೋ ಗೊತ್ತಿಲ್ಲ, ಡಬ್ಬದಿಂದ ಪಾತ್ರೆ ತೆಗೆದು, ಸಿಲಿಂಡರಿಗೆ ಒಲೆ ಸಿಕ್ಕಿಸಿ, ಬೀಗ ಹಾಕಿದ ಬಾಗಿಲ ಮುಂದೆ ಇಟ್ಟಿದ್ದೆ. ಬೆಂಕಿಪೊಟ್ಟಣ ಇರಲಿಲ್ಲ. ಕೆಳಗಿಳಿದು ಪಾರ್ವತಮ್ಮನವರನ್ನು ಕೇಳಿದೆ. ಅವರು ಹೊಲಿಗೆ ಮೆಷಿನ್ನು ನಿಲ್ಲಿಸಿ, ಯಾತಕ್ಕೆ ಎಂದು ಕೇಳಿ, ಉತ್ತರ ಕೇಳಿದ್ದೇ ಅಳತೆಯ ಟೇಪು ಕೊರಳಲ್ಲಿ ಹಾಗೇ ಇರುವಂತೆ ನನ್ನ ಹಿಂದೆ ಮೆಟ್ಟಿಲು ಹತ್ತಿದರು.

"ಬೀಗ ಹಾಕಿರೋ ಬಾಗಿಲ ಮುಂದೆ ಹಾಲುಕ್ಕಿಸಿದೋರನ್ನ ನಾನು ಇದುವರೆಗೂ ನೋಡಿಲ್ಲ ತಾಯಿ" ಎಂದರು. "ಪಾತ್ರೆಗೆ ಅರಿಶಿನ ಕುಂಕುಮ ಇಟ್ಟಿದ್ದೀಯಾ? ಮಾಡೋದು ಮಾಡ್ತೀಯ, ನೆಟ್ಟಗೆ ಮಾಡು."

ಅವರೇ ಹೋಗಿ ತಂದರು. ಪೂರ್ವ ಯಾವ ಕಡೆ ಎಂದು ತೋರಿಸಿದರು. ಒಲೆಯನ್ನು ಇನ್ನೂ ಸ್ವಲ್ಪ ಆಚೆಗಿಡು, ಬಾಗಿಲಿಗೆ ಹತ್ತಿರವಾಯಿತು ಎಂದರು. ಅದೊಂದನ್ನು ನಾನು ಕೇಳಲಿಲ್ಲ.

ಗ್ಯಾಸಿನ ವಾಸನೆಗೆ ಅರ್ಜುನಪ್ಪನವರು ಕೆಳಗಿನಿಂದ ಏನದು ಎಂದು ಕೂಗಿದರು. ಪಾರ್ವತಮ್ಮ ಹೇಳಿದರು. ಅವರು ಎರಡೆರಡು ಮೆಟ್ಟಿಲು ಹತ್ತಿಕೊಂಡು ಬಂದು, ಮೇಲಿನ ಮೆಟ್ಟಿಲಲ್ಲೇ ನಿಂತುಬಿಟ್ಟರು. ಅಷ್ಟು ಹೊತ್ತಿಗೆ ಒಲೆ ಹತ್ತಿತ್ತು. ಹಚ್ಚಿದ ಒಲೆಯನ್ನು, ಅದೂ ಅರಿಶಿನ ಕುಂಕುಮ ಇಟ್ಟ ಪಾತ್ರೆ ಮೇಲಿರುವಾಗ, ಆರಿಸು ಎನ್ನಲು ಅವರ ಕೈಲಿ ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಅಲ್ಲಿಂದಲೇ ಪಾತ್ರೆಯತ್ತ ಕತ್ತು ಚಾಚಿ ಕೇಳಿದರು.

"ಬೆಳಗಿನ ಹಾಲಲ್ವಾ ಅದು? ಒಡೆದ್ರೆ?"

"ಒಡೆದ್ರೆ ಹೋಗ್ತೀನಿ" ಎಂದೆ.

ಹೊಸ ಮನೆಯ ಹಾಲು ಒಡೆಯುವುದೆಂದರೆ ಏನೆಂದು ಅಲ್ಲಿದ್ದ ಮೂವರಿಗೂ ಗೊತ್ತಿತ್ತು. ಒಡೆದಿದ್ದರೆ ಅವರು ಕೊಡುತ್ತೇನೆಂದರೂ ನಾನು ತೆಗೆದುಕೊಳ್ಳುವ ಹಾಗಿರಲಿಲ್ಲ. ಪಾತ್ರೆಯ ಅಂಚಿನಲ್ಲಿ ಸಣ್ಣ ಗುಳ್ಳೆ ಎದ್ದವು. ಒಂದು ಕಡೆ ಬಿಳಿ ಚೂರು ತೇಲಿದಂತೆ ಕಂಡಿತು, ಬಗ್ಗಿ ನೋಡಿದರೆ ಅದು ಕೆನೆ. ಕೆನೆ ಸುಕ್ಕಾಯಿತು, ನಡುವೆ ಉಬ್ಬಿತು, ಪಾತ್ರೆ ತುಂಬ ಎದ್ದು ಒಂದು ಕ್ಷಣ ನಿಂತು, ಸುರಿಯಿತು. ಒಲೆ ಚುಸ್ ಎಂದು ಆರಿಹೋಯಿತು. ನಾನು ಗ್ಯಾಸು ಬಂದ್ ಮಾಡಿದೆ. ಹಾಲು ಕೆಂಪು ನೆಲದ ಮೇಲೆ ಹರಡಿ, ಎತ್ತ ಹೋಗಲಿ ಎಂದು ಯೋಚಿಸಿದ ಹಾಗೆ ತಡೆದು, ಬಾಗಿಲ ಕಡೆ ತಿರುಗಿತು. ಹೊಸ್ತಿಲ ಸಂದಿಯಲ್ಲಿ ಬೀಗದ ಕೆಳಗೇ ನುಸುಳಿ ಒಳಗೆ ಹೋಯಿತು.

ನನಗಿಂತ ಮೊದಲು ಹಾಲು ಮನೆಯೊಳಗೆ ಹೋಯಿತು ಅಮ್ಮ.

ಒಲೆಯನ್ನು ಬೇಕೆಂತಲೇ ಅಲ್ಲಿಟ್ಟೆನಾ ಎಂದು ನೀನು ಕೇಳುತ್ತೀಯ. ಹೌದು, ಬೇಕೆಂತಲೇ ಇಟ್ಟೆ.

ಧನಲಕ್ಷ್ಮಮ್ಮ ಯಾವಾಗ ಮೇಲೆ ಬಂದು ಗಂಡನ ಹಿಂದೆ ನಿಂತಿದ್ದರೋ ನಾನು ನೋಡಿರಲಿಲ್ಲ. ಬಗ್ಗಿ ಬಾಗಿಲ ಸಂದಿಯನ್ನು ನೋಡಿದರು. ಹಾಲು ಒಳಗೆ ಹೋಗಿದೆ, ಇನ್ನು ಬಾಗಿಲು ಮುಚ್ಚಿಟ್ಟರೆ ರಾತ್ರಿಯೆಲ್ಲ ಅಲ್ಲೇ ಹುಳಿಯುತ್ತದೆ, ಶುಕ್ರವಾರದ ಹಾಲು ನಮ್ಮ ಮನೆಯಲ್ಲಿ ಹುಳಿಯುವುದು ಬೇಡ ಎಂದು ಗಂಡನಿಗೆ ಹೇಳಿದರು. ಅರ್ಜುನಪ್ಪನವರು ವಾಚು ನೋಡಿಕೊಂಡರು. ಆರೂಕಾಲು. ದೀಪದ ಹೊತ್ತು ಆಗಿಹೋಯಿತಲ್ಲ, ಈಗ ಹೇಗೆ ಕೊಡುವುದು ಎಂದರು.

"ದೀಪ ಹಚ್ಚೋಳು ನಾನು" ಎಂದರು ಧನಲಕ್ಷ್ಮಮ್ಮ. "ಇನ್ನೂ ಹಚ್ಚಿಲ್ಲ."

ಅವರು ಯಾವ ಶುಕ್ರವಾರವೂ ಆರು ಗಂಟೆ ಮೀರಿಸಿದವರಲ್ಲವಂತೆ, ಆಮೇಲೆ ಪಾರ್ವತಮ್ಮ ಹೇಳಿದರು. ಧನಲಕ್ಷ್ಮಮ್ಮನೇ ಕೆಳಗೆ ಹೋಗಿ ದೇವರ ಮನೆಯ ಮೊಳೆಯಿಂದ ಕೀ ತಂದರು. ಎರಡು ಕೀ, ಒಂದು ದಾರದಲ್ಲಿ. ಕೈಗೆ ಕೊಡಲಿಲ್ಲ, ವೀಳ್ಯದೆಲೆಯ ಮೇಲಿಟ್ಟು ಹೊಸ್ತಿಲ ಹತ್ತಿರ ಇಟ್ಟರು. ತಗೋ, ಬೇಗ ತೆಗಿ, ನನ್ನ ದೀಪಕ್ಕೆ ತಡವಾಯಿತು ಎಂದರು. ನಾನು ತೆಗೆದೆ.

ಹಾಲು ರೂಮಿನ ಅರ್ಧದವರೆಗೆ ಹೋಗಿತ್ತು. ಮಳೆಗೆಂದು ಅವರೇ ಬಾಗಿಲ ಹಿಂದೆ ಇಟ್ಟಿದ್ದ ಹಳೇ ಬಟ್ಟೆಯಲ್ಲಿ ಒರೆಸಿದೆ. ಪಾತ್ರೆಯಲ್ಲಿ ಉಳಿದ ಹಾಲಿಗೆ ಪಾರ್ವತಮ್ಮ ಸಕ್ಕರೆ ತಂದು ಹಾಕಿದರು. ಧನಲಕ್ಷ್ಮಮ್ಮ ದೀಪ ಹಚ್ಚಿ ವಾಪಸ್ಸು ಬಂದ ಮೇಲೆ ನಾಲ್ಕು ಜನ ಒಂದೊಂದು ಗುಟುಕು ಕುಡಿದೆವು. ಅರ್ಜುನಪ್ಪನವರು ಲೋಟ ಕೆಳಗಿಟ್ಟು, ತಪ್ಪು ತಿಳ್ಕೋಬೇಡಮ್ಮ, ಒಬ್ಬರಿಗೆ ಮಾತು ಕೊಟ್ಟುಬಿಟ್ಟಿದ್ದೆ ಎಂದರು. ಗುರುವಾರ ರಾತ್ರಿಯೇ ನಮ್ಮ ಮನೆಯಿಂದ ಅವರಿಗೆ ಫೋನ್ ಬಂದಿತ್ತಂತೆ. ಒಂಟಿ ಹುಡುಗಿ, ನಮ್ಮ ಮಾತು ಕೇಳದೆ ಹೋಗುತ್ತಿದ್ದಾಳೆ, ಕೀ ಸಿಗದಿದ್ದರೆ ತಾನಾಗಿ ಮನೆಗೆ ಬರುತ್ತಾಳೆ, ನಾವು ಹೇಳಿದ್ದೆಂದು ಮಾತ್ರ ತಿಳಿಸಬೇಡಿ ಎಂದು. ಮನೆಯವರೇ ಬೇಡ ಎಂದ ಮೇಲೆ ನಾನು ಹೇಗೆ ಕೊಡಲಿ ಹೇಳು ಎಂದು ನನ್ನನ್ನೇ ಕೇಳಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ.

ಫೋನ್ ಮಾಡಿದ್ದು ವಸಂತಣ್ಣನೇ ಇರಬೇಕು. ಅವನಿಗೆ ನನ್ನ ಪರವಾಗಿ ಇದನ್ನು ಹೇಳು. ಅವನು ಊರಿಗೆಲ್ಲ ಸೈಟು ತೋರಿಸಿ ಮನೆ ಕಟ್ಟಿಕೊಳ್ಳಿ ಎನ್ನುತ್ತಾನೆ, ತಂಗಿಗೆ ಒಂದು ಬಾಡಿಗೆ ರೂಮು ಸಿಗಬಾರದು ಎನ್ನುತ್ತಾನೆ. ಇನ್ನೊಂದು ಸಲ ಫೋನ್ ಮಾಡಿದರೂ ಈಗ ಉಪಯೋಗವಿಲ್ಲ, ಹಾಲು ಉಕ್ಕಿಯಾಗಿದೆ. ಅಪ್ಪನಿಗೆ, ನಾನು ಕೆಲಸ ಬಿಡುವುದಿಲ್ಲ, ನಾಳೆ ಸೋಮವಾರ ಹತ್ತು ಗಂಟೆಗೆ ಚಾಮರಾಜಪೇಟೆಯಲ್ಲಿ ಇರುತ್ತೇನೆ ಎಂದು ಹೇಳು. ನನ್ನ ರೂಮಿನಲ್ಲಿ ಉಳಿದಿರುವ ಪುಸ್ತಕಗಳನ್ನು ಕಟ್ಟಿಡು, ಮುಂದಿನ ತಿಂಗಳು ಬಂದು ತರುತ್ತೇನೆ. ಬರುವುದು ನೆಂಟರ ಹಾಗೆ, ಸಂಜೆ ವಾಪಸ್ಸು ಹೊರಡುವ ಹಾಗೆ. ನೀವು ಯಾರಾದರೂ ಸಿಟ್ಟು ಮಾಡಿಕೊಂಡರೆ ಮಾಡಿಕೊಳ್ಳಿ. ನನಗೆ ಹೆದರಿಕೆ ಆಗುವುದಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಹೆದರಿಕೆ ಆಗುತ್ತದೆ, ಆದರೂ ಬಾಗಿಲು ಹಾಕಿಕೊಂಡು ಮಲಗುತ್ತೇನೆ. ಎರಡು ರಾತ್ರಿ ಮಲಗಿ ನೋಡಿದ್ದೇನೆ. ನಿದ್ದೆ ಬರುತ್ತದೆ.

ಅಡಿಗೆಮನೆ ಕಿಟಕಿಗೆ ಬೆಳಗಿನ ಬಿಸಿಲು ಬೀಳುತ್ತದೆ. ನಿನ್ನ ಹುಳಿಪುಡಿ ಖಾಲಿಯಾಗುತ್ತಾ ಬಂದಿದೆ.

ಎರಡನೇ ಮಹಡಿ, ಎನ್.ಆರ್. ಕಾಲೋನಿಯಿಂದ,
ನಿನ್ನ ಮಗಳು,
ಯಶಶ್ರೀ

ಮರೆತ ಮಾತು: ವಸಂತಣ್ಣನ ವಿಷಯ ಬರೆದದ್ದು ಸುಳ್ಳು, ಅವನಿಗೆ ಏನೂ ಹೇಳಬೇಡ. ಆ ನಂಬರ್ ನಾನು ಕಳಿಸಿದ್ದು ನಿನಗೊಬ್ಬಳಿಗೇ. ಆ ರಾತ್ರಿ ಫೋನ್ ಎತ್ತಿದವರು ಧನಲಕ್ಷ್ಮಮ್ಮ, ಗಂಡನಿಗೆ ಕೊಟ್ಟದ್ದು ಆಮೇಲೆ. ಕೀ ಕೊಡಬೇಡಿ ಎಂದು ಅತ್ತ ಹೆಂಗಸು, ಎಲ್ಲ ಹೇಳಿ ಮುಗಿಸಿ, ಫೋನ್ ಅರ್ಜುನಪ್ಪನವರ ಕೈಗೆ ಹೋಗುವ ಮುಂಚೆ ಇನ್ನೊಂದು ಕೇಳಿದರಂತೆ: "ಆ ಬಾಗಿಲಿಗೆ ಒಳಗಡೆ ಚಿಲಕ ಗಟ್ಟಿ ಇದೆಯಾ?" ಆ ಮಾತು ಕೇಳಿದ ಮೇಲೆ ಶುಕ್ರವಾರ ಆರು ಗಂಟೆಗೆ ದೀಪ ಹಚ್ಚುವುದಕ್ಕೆ ಕೈ ಬರಲಿಲ್ಲ ಎಂದು ಧನಲಕ್ಷ್ಮಮ್ಮ ನನಗೆ ನಿನ್ನೆ ಹೇಳಿದರು. ಗಟ್ಟಿ ಇದೆ ಅಮ್ಮ. ಕಬ್ಬಿಣದ್ದು, ಎಂಟು ಸ್ಕ್ರೂ. ಎರಡನೇ ಕೀ ನಿನಗೆ ಕಳಿಸುವುದಿಲ್ಲ. ನೀನು ಬಾ, ಬಾಗಿಲು ತಟ್ಟು, ಒಳಗಿನಿಂದ ನಾನೇ ಚಿಲಕ ತೆಗೆಯುತ್ತೇನೆ.